ಜಿಗಣೆಗೆ ಹಾಕಿದ ಹೊಗೆಸೊಪ್ಪು

ಎಲೆಅಡಿಕೆ, ಹೊಗೆಸೊಪ್ಪು ಅಗಿದು ಚಿಕ್ಕಮ್ಮನ ತುಟಿ ಕೆಂಪಗಾಗಿದ್ದುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆನೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ. ಆ ತುಟಿ ನಮ್ಮಮ್ಮನದಿರಬಹುದು. ಶನಿವಾರಸಂತೆಯ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಯಾರದೋ ಇರಬಹುದು. ಉಳಿದವರಿಗೆ ಇದರಿಂದ ನಷ್ಟವೇನಿಲ್ಲ. ನನ್ನ ಪಿಎಚ್‌.ಡಿ. ಮಾತ್ರ ನಿಂತಿರುವುದೇ ಇಂಥ ನೆನಪುಗಳ ಮೇಲೆ. ಹರೆಯದ ಸ್ವಭಾವಕ್ಕೂ ಚಟಗಳಿಗೂ ಮುಂದೆ ಬರುವ ಕ್ಯಾನ್ಸರಿಗೂ ಏನು ಸಂಬಂಧ ಎಂಬುದು ವಿಷಯ. ನಿನ್ನೆ ಏನು ತಿಂದೆನೆಂದು ನೆನಪಿಲ್ಲದ ನಾನು ರೋಗಿಗಳ ಪಕ್ಕ ಕುಳಿತು, ಹದಿನೈದರಲ್ಲಿ ನೀವು ಹಟಮಾರಿಯೋ ಅಂಜುಬುರುಕರೋ ಎಂದು ವಿಚಾರಿಸುತ್ತೇನೆ.

ಚಿಕ್ಕಮ್ಮನಿಗೆ ಬಾಯಿಯ ಕ್ಯಾನ್ಸರ್ ಆಗಿತ್ತು. ನೋಡಲು ಹೋದರೆ, "ಊರೋರನ್ನೆಲ್ಲ ಕೇಳ್ತೀಯಂತೆ, ನನ್ನ ಕೇಳಲ್ವೇನೋ?" ಎಂದಳು. ಕೇಳಿದೆ.

"ಹದಿನೈದಕ್ಕೆ ನಂಗೆಲ್ಲಿತ್ತೋ ಸ್ವಭಾವ? ಮದುವೆ ಆಗೋಗಿತ್ತು!"

ಹೊಗೆಸೊಪ್ಪು ಯಾವಾಗಿನಿಂದ ಎಂದರೆ, ತನ್ನ ಅವ್ವನ ಜೊತೆ ಕಾಫಿ ತೋಟದ ಕೆಲಸಕ್ಕೆ ಹೋಗುತ್ತಿದ್ದ ಕಾಲದಿಂದ ಎಂದಳು. ಬಾಲ್ಯದಿಂದಲೇ ಚಟ ಎಂದು ಬರೆದುಕೊಂಡೆ.

"ಏ, ಪೂರ್ತಿ ಕೇಳೋ. ಬಾಯಿಗಲ್ಲ, ಕಾಲಿಗೆ. ಮಳೇಲಿ ಜಿಗಣೆ ಬಿಡ್ತವಾ? ಸುಣ್ಣ ಸೇರಿಸಿ ಬಟ್ಟೇಲಿ ಗಂಟು ಕಟ್ಕೊಂಡು ಒತ್ತೋದು."

ನನ್ನ ಪ್ರಶ್ನಾವಳಿಯಲ್ಲಿ ಕಾಲಿಗೆ ಜಾಗವಿರಲಿಲ್ಲ. ಅದುವರೆಗೆ ಮಾತಾಡಿಸಿದ್ದ ತೋಟದ ಹೆಂಗಸರಲ್ಲಿ ಎಷ್ಟು ಜನರ ಕಾಲನ್ನು ಬಾಯಿಯ ಲೆಕ್ಕಕ್ಕೆ ಸೇರಿಸಿದ್ದೇನೋ ಎಂದು ಬೆವರಿದೆ.

ಜಗಲಿಯಿಂದ ಚಿಕ್ಕಪ್ಪ ಕೂಗಿದರು: "ಕಾಲಿಗಂತೆ! ಬೇಡ ಬೇಡ ಅಂದ್ರೂ ಅಗಿದ್ಲು. ಇವಳ ಹಟಾನೇ ಈ ಕಾಯಿಲೆ ತಂದಿದ್ದು, ಅದ್ನ ಬರ್ಕೋ."

"ನೀವು ಯಾವಾಗ ನೋಡಿದ್ರಿ?" ಎಂದಳು ಚಿಕ್ಕಮ್ಮ.

"ನೋಡ್ಬೇಕಾ? ಕಾಯಿಲೆ ಬಂದಿದ್ಯಲ್ಲ!"

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ನೀನು ಓದಿದೋನು. ನಾನೇ ತಂದ್ಕೊಂಡಿದ್ದಲ್ಲ ಅಂತ ಇವರಿಗೊಂದು ಮಾತು ಹೇಳಪ್ಪ. ಅಷ್ಟು ಸಾಕು ನಂಗೆ."

ಹೇಳಬಹುದಿತ್ತು. ಆದರೆ ಆ ಕೆಂಪು ತುಟಿ ಅಡ್ಡ ಬಂತು. "ಒಬ್ಬರ ವಿಷಯದಲ್ಲಿ ಹಾಗೆ ನಿಖರವಾಗಿ ಹೇಳೋಕಾಗಲ್ಲ ಚಿಕ್ಕಮ್ಮ" ಎಂದೆ.

"ಹಂಗಂದ್ರೆ? ಹೌದೋ, ಅಲ್ವೋ?"

"ಎರಡೂ ಇರಬಹುದು."

"ಇದನ್ನ ಹೇಳಕ್ಕೆ ಇಷ್ಟು ವರ್ಷ ಓದಿದ್ಯೇನೋ!" ಎಂದು ಕೆನ್ನೆ ಹಿಡಿದುಕೊಂಡು ನಕ್ಕಳು. ನಗು ನೋವಿಗೆ ಅರ್ಧಕ್ಕೇ ನಿಂತಿತು. ಆಮೇಲೆ ಅವಳು ನನ್ನನ್ನು ಏನೂ ಕೇಳಲಿಲ್ಲ.

ಮಳೆಗಾಲಕ್ಕೆ ಮುಂಚೆ ಹೋಗಿಬಿಟ್ಟಳು. ತಿಥಿಯ ಊಟಕ್ಕೆ ಕುಳಿತವರೆಲ್ಲ ಅವಳ ಹೊಗೆಸೊಪ್ಪಿನ ಮಾತೇ ಆಡಿದರು. ಅಷ್ಟರಲ್ಲಿ ಎಲ್ಲರೂ ಕಣ್ಣಾರೆ ಕಂಡವರೇ ಆಗಿದ್ದರು. ಅಮ್ಮನನ್ನು ಕೇಳಿದೆ. "ಅಗೀತಿದ್ಲು ಅನ್ಸುತ್ತೆ. ಇಲ್ದಿದ್ರೆ ಹೆಂಗೆ ಬರುತ್ತೆ?" ಎಂದಳು, ಸ್ವಂತ ತಂಗಿಯ ಬಗ್ಗೆ. ನನ್ನ ಪ್ರಬಂಧಕ್ಕಾದರೆ ಇದು ಗಟ್ಟಿ ಸಾಕ್ಷ್ಯ.

ಮಳೆ ಹಿಡಿದ ಮೇಲೆ ಒಂದು ದಿನ, ಯಾರಿಗೂ ಹೇಳದೆ, ಸುಣ್ಣ ಹೊಗೆಸೊಪ್ಪಿನ ಗಂಟು ಕಟ್ಟಿಕೊಂಡು ತೋಟಕ್ಕಿಳಿದೆ. ಹಿಮ್ಮಡಿಯ ಮೇಲೊಂದು ಜಿಗಣೆ ಕಚ್ಚಿಕೊಂಡು ಊದಿತ್ತು. ಗಂಟು ಒತ್ತಿದೆ. ಸುರುಟಿಕೊಂಡು ಬಿತ್ತು. ಚಿಕ್ಕಮ್ಮ ಹೇಳಿದ್ದರಲ್ಲಿ ನಾನು ಸ್ವತಃ ಪರೀಕ್ಷಿಸಿ ಖಚಿತಪಡಿಸಿಕೊಂಡದ್ದು ಇದೊಂದೇ: ಹೊಗೆಸೊಪ್ಪು ಒತ್ತಿದರೆ ಜಿಗಣೆ ಬಿಡುತ್ತದೆ.