ಫಕೀರಪ್ಪಣ್ಣನ ಗಾಡಿ

ಒಂದು ವಸ್ತುವನ್ನು ಕೊಳ್ಳುವುದು ಬೇರೆ, ಅದು ನಮ್ಮದಾಗುವುದು ಬೇರೆ ಎಂಬುದು ನನಗೆ ತಿಳಿದದ್ದು ಕಾರು ಕೊಂಡ ಮೇಲೆ. ಕಾರಿನ ಕಾಗದಪತ್ರಗಳೆಲ್ಲ ನನ್ನ ಹೆಸರಿನಲ್ಲಿವೆ. ವಿಮೆ ಕಟ್ಟುವವನು ನಾನು, ಪೆಟ್ರೋಲು ಹಾಕಿಸುವವನು ನಾನು, ಟೈರು ಪಂಕ್ಚರಾದರೆ ಬಿಸಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಜಾಕ್ ತಿರುಗಿಸುವವನೂ ನಾನೇ. ಆದರೂ ಕೊಪ್ಪಳ ಜಿಲ್ಲೆಯಲ್ಲಿ ಆ ಕಾರು ನನ್ನದೆಂದು ನಂಬುವ ಒಬ್ಬ ಮನುಷ್ಯನೂ ನನಗೆ ಬಹಳ ಕಾಲ ಸಿಗಲಿಲ್ಲ. ಇದನ್ನು ನಾನು ದೂರಿನಂತೆ ಹೇಳುತ್ತಿಲ್ಲ. ದೂರು ಕೊಡಬೇಕೆಂದರೂ ಯಾರ ಮೇಲೆ ಕೊಡಬೇಕು ಎಂಬುದು ಇನ್ನೂ ಸ್ಪಷ್ಟವಾಗಿಲ್ಲ.

ನಾನು ಅಳವಂಡಿಯಲ್ಲಿ ಪಶು ಆಸ್ಪತ್ರೆಯ ನೌಕರ, ಮನೆ ಕೊಪ್ಪಳದಲ್ಲಿ. ಹಳ್ಳಿಯವರು ನನ್ನನ್ನು ಡಾಕ್ಟ್ರೇ ಎನ್ನುತ್ತಾರೆ. ನಾನು ಡಾಕ್ಟರಲ್ಲ ಎಂದು ತಿದ್ದುವುದನ್ನು ಬಿಟ್ಟು ವರ್ಷಗಳಾದವು. ದನಗಳಂತೂ ಯಾವತ್ತೂ ಆಕ್ಷೇಪಿಸಿಲ್ಲ. ಈ ಕೆಲಸಕ್ಕೆ ಬೈಕು ಧಾರಾಳವಾಗಿ ಸಾಕಾಗಿತ್ತು. ತೊಂದರೆ ಬಂದದ್ದು ಮದುವೆಗಳಿಂದ. ಒಮ್ಮೆ ತಳಕಲ್‌ನಲ್ಲಿ ನನ್ನ ಹೆಂಡತಿ ಸುವರ್ಣಾಳ ಸಂಬಂಧಿಕರ ಮದುವೆಗೆ ಮಕ್ಕಳಿಬ್ಬರೂ ಸೇರಿ ನಾವು ನಾಲ್ವರೂ ಬೈಕಿನಲ್ಲಿ ಹೋದೆವು. ಎರೆಹೊಲದ ದಾರಿಯ ಧೂಳೆಲ್ಲ ನಮ್ಮ ಜೊತೆಗೇ ಬಂದಿತ್ತು. ಅದೇ ಹೊತ್ತಿಗೆ ಗಂಗಾವತಿಯಿಂದ ನನ್ನ ಷಡ್ಡಕನ ಕಾರು ಬಂತು. ಹುಡುಗಿಯ ತಂದೆ ಸ್ವತಃ ಹೋಗಿ ಅದರ ಬಾಗಿಲು ತೆಗೆದರು. ಬೇವಿನ ಮರದ ನೆರಳು ಆ ಕಾರಿಗಾಗಿ ಮೊದಲೇ ಕಾದಿಟ್ಟಂತಿತ್ತು. ನನ್ನ ಬೈಕನ್ನು ಮಾತ್ರ ಅಡುಗೆಯವರ ಹಿಂದೆ, ಉಳ್ಳಾಗಡ್ಡಿ ಚೀಲಗಳ ಪಕ್ಕ ನಿಲ್ಲಿಸಲು ಹೇಳಿದರು. ಮನೆಗೆ ಬಂದ ಮೇಲೆ ಸುವರ್ಣಾ ತನ್ನ ರೇಷ್ಮೆ ಸೀರೆಯ ಧೂಳನ್ನು ನನ್ನೆದುರೇ ಮೂರು ಸಲ ಕೊಡವಿದಳು. ನಮ್ಮ ಮನೆಯಲ್ಲಿ ಕಾರು ಕೊಳ್ಳುವ ತೀರ್ಮಾನವಾದದ್ದು ಹಾಗೆ.

ಹೊಸ ಕಾರಿನ ಆಸೆ ನನಗೂ ಇತ್ತು. ಹೊಸಪೇಟೆಯವರೆಗೂ ಹೋಗಿ ಅಲ್ಲಿದ್ದ ಎಲ್ಲ ಕಾರುಗಳಲ್ಲೂ ಕೂತು, ಬಾಗಿಲು ಮುಚ್ಚುವ ಸದ್ದು ಎಷ್ಟು ಸೊಗಸಾಗಿದೆ ಎಂದು ಅಲ್ಲಿನವರಿಗೇ ಹೇಳಿ, ಅವರು ಕೊಟ್ಟ ತಂಪು ಪಾನೀಯ ಕುಡಿದು ಬಂದೆ. ಆಮೇಲೆ ಹಳೆಯ ಕಾರು ಹುಡುಕತೊಡಗಿದೆ. ಆಗ ಸಿಕ್ಕವನು ಕುಷ್ಟಗಿಯ ಫಕೀರಪ್ಪಣ್ಣ. ಅವನದು ಬೀಜ-ಗೊಬ್ಬರದ ಅಂಗಡಿ. ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿ ಅವನನ್ನು ಅರಿಯದ ರೈತನಿಲ್ಲ. ದೊಡ್ಡ ಕಾರು ಕೊಂಡಿದ್ದರಿಂದ ಚಿಕ್ಕದನ್ನು ಮಾರುತ್ತಿದ್ದ. ಕಾರು ಗಿಣಿಹಸಿರು ಬಣ್ಣದ್ದು. ಕಂಪನಿಯವರು ಆ ಬಣ್ಣದ್ದನ್ನು ಜಿಲ್ಲೆಗೆ ಒಂದೇ ಕಳಿಸಿ ಕೈ ತೊಳೆದುಕೊಂಡಿರಬೇಕು. ಹಿಂದಿನ ಗಾಜಿನ ಮೇಲೆ ಕಮಾನಿನಂತೆ ಅವನ ಮನೆದೇವರ ಹೆಸರು, ಅದರ ಕೆಳಗೆ ಅವನ ಮಕ್ಕಳದು: ಅಭಿ, ಅಂಜು. ರಿವರ್ಸ್ ಹಾಕಿದರೆ ಒಂದು ಭಜನೆಯ ಧಾಟಿ ಶುರುವಾಗುತ್ತಿತ್ತು.

ವ್ಯವಹಾರಕ್ಕೆ ನನ್ನ ಮಾವನನ್ನು ಕರೆದುಕೊಂಡು ಹೋದೆ. ಯಲಬುರ್ಗಾ ಕಡೆಯ ಹಳ್ಳಿಯವರು; ಆಯುಷ್ಯವನ್ನೆಲ್ಲ ಎತ್ತು ಕೊಳ್ಳುವುದರಲ್ಲಿ, ಮಾರುವುದರಲ್ಲಿ ಕಳೆದವರು. ಕಾರನ್ನೂ ಅವರು ಹಾಗೆಯೇ ನೋಡಿದರು. ಮೊದಲು ಒಂದು ಸುತ್ತು ಹಾಕಿದರು; ಹಿಂದಿನ ಚಕ್ರಗಳ ಬಳಿ ಬಂದಾಗ ಅಭ್ಯಾಸಬಲದಿಂದ ಒಂದು ಮಾರು ದೂರ ಸರಿದು ನಡೆದರು. ಬಾನೆಟ್ ಎತ್ತಿಸಿ ಒಳಗೆ ಇಣುಕಿ ಎಷ್ಟು ಹಲ್ಲಿನದು ಎಂದು ಕೇಳಿದರು. ಫಕೀರಪ್ಪಣ್ಣನೂ ಒಕ್ಕಲು ಮನೆತನದವನೇ. ಬಾಯಿ ಕೂಡಿದೆ, ಅಂದರೆ ಹಲ್ಲೆಲ್ಲ ಬಂದು ದುಡಿಯುವ ವಯಸ್ಸು ಎಂದು ಗಂಭೀರವಾಗಿಯೇ ಉತ್ತರಿಸಿದ. ಮೇವು ಎಷ್ಟು ತಿನ್ನುತ್ತದೆ ಎಂಬ ಪ್ರಶ್ನೆಗೆ ಲೀಟರಿನ ಲೆಕ್ಕ ಹೇಳಿದ. ಎಡಬಾಗಿಲಿನ ಮೇಲೆ ಮಾವ ಒಂದು ಸುಳಿ, ಎತ್ತಿಗಾದರೆ ಅಪಶಕುನದ ಗುರುತು, ಕಂಡುಹಿಡಿದರು. ಅದು ಸುಳಿಯಲ್ಲ, ಬಸ್‌ಸ್ಟ್ಯಾಂಡಿನ ಕಂಬಕ್ಕೆ ತಾಗಿದ ತಗ್ಗು ಎಂದು ತಿಳಿದ ಮೇಲೆ ಅವರಿಗೆ ಸಮಾಧಾನವಾಯಿತು.

ಎಲ್ಲ ಮುಗಿದು ಕೀಲಿ ನನ್ನ ಕೈಗೆ ಬಂದಾಗ ಮಾವ ಫಕೀರಪ್ಪಣ್ಣನಿಗೆ, “ಹಗ್ಗ ಬಿಚ್ಕೋರಿ” ಎಂದರು. ನಮ್ಮ ಕಡೆ ಎತ್ತು ಮಾರಿದವನು ಅದರ ಹಗ್ಗವನ್ನು ಕೊಡುವುದಿಲ್ಲ. ಅದನ್ನು ಬಿಚ್ಚಿ ತನ್ನ ಮನೆಗೆ ಒಯ್ಯುತ್ತಾನೆ; ಕೊಂಡವನು ತಾನು ತಂದ ಹೊಸ ಹಗ್ಗ ಕಟ್ಟಿ ಹೊಡೆದುಕೊಂಡು ಹೋಗುತ್ತಾನೆ. ಹಳೆಯ ಹಗ್ಗದಲ್ಲೇ ಹೋದ ಎತ್ತು ಹಳೆಯ ಕೊಟ್ಟಿಗೆಯ ಕಡೆಗೇ ಮುಖ ಮಾಡುತ್ತದೆ ಎಂಬುದು ನಂಬಿಕೆ. ಫಕೀರಪ್ಪಣ್ಣ ನಕ್ಕುಬಿಟ್ಟ. ಗಾಡಿಗೆ ಎಲ್ಲಿಯ ಹಗ್ಗ, ಒಳಗಿರುವ ದೇವರ ಫೋಟೋ, ಸೀಟಿನ ಕವರು, ಭಜನೆ, ಅತ್ತರಿನ ಶೀಸೆ, ಎಲ್ಲ ನಿಮ್ಮದೇ ಎಂದು ಉದಾರವಾಗಿ ಹೇಳಿದ. ನಾನೂ ನಕ್ಕೆ. ಬಿಟ್ಟಿ ಸಾಮಾನು ಸಿಕ್ಕಾಗ ಯಾರಾದರೂ ನಗುತ್ತಾರೆ. ಮಾವ ಮಾತ್ರ ಊರು ಮುಟ್ಟುವವರೆಗೂ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು.

ಕಾರಿನ ಖರ್ಚು ಎಂದರೆ ಪೆಟ್ರೋಲು, ಸರ್ವಿಸು, ಟೈರು ಎಂದು ತಿಳಿದವರು ಹೇಳುತ್ತಾರೆ. ನನ್ನ ಕಾರಿನಲ್ಲಿ ದೊಡ್ಡ ಖರ್ಚು ಫಕೀರಪ್ಪಣ್ಣನ ಸ್ನೇಹಗಳದ್ದು. ಕುಷ್ಟಗಿ ರಸ್ತೆಯಲ್ಲಿ ಹೊರಟರೆ ಹೊಲದಲ್ಲಿ ನಿಂತವರೂ ಕೈ ಎತ್ತುತ್ತಿದ್ದರು. ಅವರಿಗೆಲ್ಲ ತಿರುಗಿ ಕೈ ಎತ್ತದಿದ್ದರೆ ಫಕೀರಪ್ಪಣ್ಣನಿಗೆ ಸೊಕ್ಕು ಬಂದಿದೆ ಎಂಬ ಮಾತು ಹುಟ್ಟುತ್ತಿತ್ತು. ತೊಗರಿ ಬೀಜ ಮೊಳೆಯಲಿಲ್ಲವೆಂದು ಒಬ್ಬ ರೈತ ರಸ್ತೆಗೆ ಅಡ್ಡ ನಿಂತು ನನ್ನನ್ನು ಬೈದ. ಬೈಗುಳ ಮುಗಿದ ಮೇಲೆ ನನ್ನ ಮುಖ ನೋಡಿ, ಇದನ್ನೆಲ್ಲ ಅಣ್ಣಾರಿಗೆ ಮುಟ್ಟಿಸಿರಿ ಎಂದು ವಿನಯದಿಂದ ಕೇಳಿಕೊಂಡ. ಹನುಮನಹಳ್ಳಿಗೆ ನೆಂಟರನ್ನು ಅಲ್ಲಿನ ಹನುಮನ ಬೆಟ್ಟ ತೋರಿಸಲು ಕರೆದೊಯ್ದಾಗ ಅಲ್ಲಿ ಗಾಡಿ ನಿಲ್ಲಿಸುವವನು ದೂರದಿಂದಲೇ ನಮಸ್ಕರಿಸಿ ನೆರಳಿಗೆ ಕರೆದ. ನಾನು ಇಳಿದದ್ದನ್ನು ಕಂಡು ಕೈ ಕೆಳಗಿಳಿಸಿದ. ಮರ್ಯಾದೆಗೆಂದೇ ಕಾರು ಕೊಂಡಿದ್ದೆ. ಮರ್ಯಾದೆ ಬರುತ್ತಿತ್ತು, ಆದರೆ ಕಾರಿನವರೆಗೆ ಮಾತ್ರ ಬಂದು ನಿಲ್ಲುತ್ತಿತ್ತು.

ತಳಕಲ್ ಕ್ರಾಸಿನಲ್ಲಿ ಒಮ್ಮೆ ಕಾರು ನಿಧಾನ ಮಾಡಿದ್ದೇ ತಡ, ಒಬ್ಬ ಅಜ್ಜ ಬಾಗಿಲು ತೆಗೆದು ಕೂತು, ಕುಕನೂರಿಗೆ ಬಿಡು ಎಂದು ಅಪ್ಪಣೆ ಮಾಡಿದ. ಅರ್ಧ ದಾರಿ ಮಳೆ-ಬೆಳೆ ಮಾತಾಡಿದ ಮೇಲೆ ನನ್ನ ಕಡೆ ತಿರುಗಿ, “ನೀವು ಫಕೀರಪ್ಪನ ಡ್ರೈವರ್ರೇನ್ರಿ?” ಎಂದು ಕೇಳಿದ. ಕತೆಯೆಲ್ಲ ವಿವರಿಸುವಷ್ಟು ದಾರಿ ಉಳಿದಿರಲಿಲ್ಲ. ಹೌದೆಂದೆ. ಛಲೋ ಹೊಡೆಯುತ್ತೀ ಎಂದು ಬೆನ್ನು ತಟ್ಟಿ ಇಳಿದುಹೋದ. ಕಾರು ಕೊಂಡ ಮೇಲೆ ನನಗೆ ಸಿಕ್ಕ ಮೊದಲ ಹೊಗಳಿಕೆ ಅದೇ ಆದ್ದರಿಂದ ಮನೆಯಲ್ಲಿ ಹೇಳಿಕೊಳ್ಳಲೂ ಆಗಲಿಲ್ಲ.

ರಿಪೇರಿಯ ಕತೆ ಇನ್ನೂ ಬೇರೆ. ಕ್ಲಚ್ ಜಾರುತ್ತಿದೆಯೆಂದು ಕೊಪ್ಪಳದ ಗ್ಯಾರೇಜಿಗೆ ಬಿಟ್ಟರೆ ಮೆಕ್ಯಾನಿಕ್ ನನ್ನೆದುರೇ ಫಕೀರಪ್ಪಣ್ಣನಿಗೆ ಫೋನು ಮಾಡಿ, ಪ್ಲೇಟು ಬದಲಿಸಲೋ ಬೇಡವೋ ಎಂದು ಕೇಳಿದ. ಈಗಲೇ ಬೇಡ, ಬಿಗಿ ಮಾಡಿ ಕೊಡು, ದೀಪಾವಳಿವರೆಗೆ ಓಡುತ್ತದೆ ಎಂದು ಅತ್ತಲಿಂದ ತೀರ್ಪು ಬಂತು. ಅದು ದೀಪಾವಳಿವರೆಗೆ ಓಡಿದ್ದು ನನಗೆ ಹೆಚ್ಚು ಬೇಸರ ತಂದಿತು. ಆಮೇಲೆ ಬ್ಯಾಟರಿ ಕೈಕೊಟ್ಟಾಗ, ಎಣ್ಣೆ ಸೋರಿದಾಗ ನಾನೇ ಅವನಿಗೆ ಫೋನು ಮಾಡತೊಡಗಿದೆ. ಹೆಚ್ಚಾಗಿ ರಾತ್ರಿ ಅವನು ಊಟಕ್ಕೆ ಕೂತ ಹೊತ್ತಿಗೆ. ಒಳಗೆ ಸಿಗ್ನಲ್ ಸಿಗುವುದಿಲ್ಲವೆಂದು ಪಾಪ, ಅವನು ತಾಟು ಬಿಟ್ಟೆದ್ದು ಅಂಗಳಕ್ಕೆ ಹೋಗಿ ಮಾತಾಡುತ್ತಿದ್ದ.

ಹಿಂದಿನ ಗಾಜಿನ ಹೆಸರುಗಳನ್ನು ಕೆರೆದುಬಿಡೋಣವೆಂದರೆ ಸುವರ್ಣಾ ಒಪ್ಪಲಿಲ್ಲ. ದೇವರ ಹೆಸರಿಗೆ ಬ್ಲೇಡು ಹಚ್ಚುವುದೆ? ಬದುಕಿ ಬಾಳುವ ಮಕ್ಕಳ ಹೆಸರು ಕೆರೆಯುವುದೆ? ಅದೂ ನಿಜ ಅನ್ನಿಸಿತು. ಅಳಿಸಲಾಗದಿದ್ದರೆ ಸೇರಿಸಬಹುದಲ್ಲ ಎಂಬ ಉಪಾಯ ಹೊಳೆದದ್ದು ನನಗೆ. ಸ್ಟಿಕರ್ ಅಂಗಡಿಯಲ್ಲಿ ಕೂತು, ಅಭಿ, ಅಂಜು ಎಂಬುದರ ಕೆಳಗೆ ಅದೇ ಅಕ್ಷರದಲ್ಲಿ, ಅದೇ ಬಣ್ಣದಲ್ಲಿ ನನ್ನ ಮಕ್ಕಳಾದ ಚೇತು, ಚಿನ್ನು ಹೆಸರು ಅಂಟಿಸಿಕೊಂಡು ಬಂದೆ. ದೂರ ನಿಂತು ನೋಡಿದರೆ ಎಷ್ಟು ಹೊಂದಿಕೊಂಡಿತ್ತೆಂದರೆ, ಇನ್ನು ಕಾರು ನನ್ನದಾಯಿತೆಂದೇ ನಂಬಿದೆ.

ಒಂದು ಭಾನುವಾರ ಬೆಳಿಗ್ಗೆ ನಾನು ಬರೀ ಬನಿಯನ್ ತೊಟ್ಟು ಟೈರು ತೊಳೆಯುತ್ತಿದ್ದಾಗ ಫಕೀರಪ್ಪಣ್ಣನ ಹೆಂಡತಿ ಗೌರಕ್ಕ ತನ್ನ ಅಣ್ಣನೊಂದಿಗೆ ನಮ್ಮ ಮನೆಯ ಮುಂದೆ ಬಂದು ನಿಂತಳು. ಗಾಜಿನ ಮೇಲಿನ ನಾಲ್ಕು ಹೆಸರುಗಳನ್ನು ನೋಡಿದಳು. ಬಾಗಿಲಲ್ಲಿ ನಿಂತ ಸುವರ್ಣಾಳನ್ನು ನೋಡಿದಳು. ಆಮೇಲೆ ತಿಳಿದದ್ದು ಇಷ್ಟು: ಫಕೀರಪ್ಪ ಕಾರು ಮಾರಿದೆನೆಂದು ಹೇಳಿ ಕೊಪ್ಪಳದಲ್ಲಿರುವ ಇನ್ನೊಂದು ಸಂಸಾರಕ್ಕೆ ಕೊಟ್ಟಿದ್ದಾನೆ, ಅಲ್ಲಿಯೂ ಎರಡು ಮಕ್ಕಳಿವೆ, ಆ ಹೆಂಗಸನ್ನು ತಿರುಗಾಡಿಸಲು ಒಬ್ಬ ಡ್ರೈವರನ್ನೂ ಇಟ್ಟಿದ್ದಾನೆ ಎಂದು ಕುಷ್ಟಗಿಯಲ್ಲಿ ಸುದ್ದಿ ಹಬ್ಬಿತ್ತು. ದಿನಾ ಊಟದ ಹೊತ್ತಿಗೆ ಕೊಪ್ಪಳದಿಂದ ಬರುವ ಫೋನು, ಅವನು ಅಂಗಳಕ್ಕೆ ಹೋಗಿ ಮಾತಾಡುವುದು, ಇದಕ್ಕೆಲ್ಲ ಸಾಕ್ಷಿಯಾಗಿದ್ದವು. ಕುಷ್ಟಗಿಯ ಅವರ ಮನೆಯಲ್ಲಿ ಎರಡು ದಿನದಿಂದ ಒಲೆಯೇ ಹೊತ್ತಿರಲಿಲ್ಲವಂತೆ.

“ನಿನ್ನ ಗಂಡ ಯಾರವ್ವಾ?” ಎಂದು ಗೌರಕ್ಕ ಕೇಳಿದಳು.

ಸುವರ್ಣಾ ನನ್ನ ಕಡೆ ಕೈ ತೋರಿಸಿದಳು. ಗೌರಕ್ಕ ನನ್ನನ್ನು ಬನಿಯನ್‌ನಿಂದ ಬಕೆಟ್‌ವರೆಗೆ ನೋಡಿ, “ಇವರು ಡ್ರೈವರಲ್ಲೇನು?” ಎಂದಳು. ನಾನು ಒಳಗೆ ಓಡಿಹೋಗಿ ಕಾರಿನ ಕಾಗದ ತಂದು ಹಿಡಿದೆ. ಕಾಗದ ಯಾರ ಹೆಸರಿಗೆ ಬೇಕಾದರೂ ಮಾಡಿಸಬಹುದು ಎಂದು ಅವಳ ಅಣ್ಣ ಅದನ್ನು ಮುಟ್ಟಲೂ ಇಲ್ಲ. ಗೌರಕ್ಕ ಜಗಳವಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಸುಮ್ಮನೆ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ಎರಡು ಸ್ಟಿಕರುಗಳಿಂದ ಒಂದು ಮನೆ ಒಡೆಯುವ ಹಾಗಾಯಿತಲ್ಲ ಎಂದು ನನಗೆ ನಿಜವಾಗಿಯೂ ಭಯವಾಯಿತು.

ಸುವರ್ಣಾ ಅವಳ ಪಕ್ಕ ಹೋಗಿ ಕೂತಳು. ನಾನು ಫಕೀರಪ್ಪಣ್ಣನಿಗೂ ಮಾವನಿಗೂ ಫೋನು ಮಾಡಿದೆ. ಮಧ್ಯಾಹ್ನಕ್ಕೆ ಇಬ್ಬರೂ ಬಂದರು. ಫಕೀರಪ್ಪಣ್ಣ ಎರಡು ದಿನದಲ್ಲಿ ಇಳಿದುಹೋಗಿದ್ದ. ಹೆಂಡತಿಯ ಎದುರು ನಿಂತವನು ಮೊಳಕೆ ಬಾರದ ಬೀಜಕ್ಕೆ ಲೆಕ್ಕ ಕೊಡಬೇಕಾದವನಂತೆ ತಲೆ ತಗ್ಗಿಸಿದ್ದ. ಅವನ ಆಣೆ-ಪ್ರಮಾಣವನ್ನು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಮಾವ ಕಾರನ್ನು ಒಂದು ಸುತ್ತು ಹಾಕಿ ಬಂದು, “ಅವತ್ತ ಹಗ್ಗ ಬಿಚ್ಕೋರಿ ಅಂದ್ನಿ. ಇಬ್ರೂ ನಕ್ರಿ. ಈಗ ಬಿಚ್ಚರಿ” ಎಂದರು.

ಬಿಸಿನೀರು ಕಾಸಿದೆವು. ಫಕೀರಪ್ಪಣ್ಣ ತನ್ನ ಕೈಯಾರೆ ಗಾಜನ್ನು ನೆನೆಸಿ ದೇವರ ಹೆಸರನ್ನು ಬಿಡಿಸಿ ಹಿತ್ತಾಳೆ ತಾಟಿನಲ್ಲಿ ಇಟ್ಟ. ತಾಟು ಹಿಡಿದವಳು ಗೌರಕ್ಕ. ಅಭಿ, ಅಂಜು ಎರಡೂ ಹರಿಯದೆ ಬಂದವು. ಒಳಗಿನ ಫೋಟೋ ತೆಗೆದುಕೊಂಡ, ಭಜನೆಯ ತಂತಿ ಕಿತ್ತ, ಅತ್ತರಿನ ಶೀಸೆಯನ್ನೂ ಬಿಡಲಿಲ್ಲ. ಮಾವ ಸುವರ್ಣಾಳ ಕೈಗೆ ಅರಿಶಿನದ ಹೊಸ ದಾರ ಕೊಟ್ಟರು. ಅವಳು ಅದನ್ನು ಸ್ಟೀರಿಂಗಿಗೆ ಕಟ್ಟಿದಳು. ಕಾಗದವನ್ನು ನಂಬದ ಗೌರಕ್ಕ ಇದನ್ನು ನಂಬಿದಳು. ತನ್ನವರಿಗೇ ಕೊಡುವವನು ಹಗ್ಗ ಬಿಚ್ಚುವುದಿಲ್ಲ, ಮಾರಿದವನು ಬಿಚ್ಚುತ್ತಾನೆ, ಅವಳ ತವರಿನಲ್ಲೂ ಹಾಗೆಯೇ. ಸುವರ್ಣಾಳ ಹಣೆಗೂ ಕಾರಿನ ಹಣೆಗೂ ಕುಂಕುಮವಿಟ್ಟಳು. ಎಲ್ಲರೂ ಕೂತು ಮಂಡಕ್ಕಿಯ ಮಂಡಾಳು ಒಗ್ಗರಣೆ, ಮಿರ್ಚಿ ಬಜ್ಜಿ ತಿಂದೆವು. ಫಕೀರಪ್ಪಣ್ಣ ತಿಂದ ಮಿರ್ಚಿಗಳನ್ನು ನಾನು ಎಣಿಸಲಿಲ್ಲ. ಎರಡು ದಿನದ ಉಪವಾಸಿ.

ಸುದ್ದಿ ಬೇಗ ಹರಡಿತು. ಈಗ ಕುಷ್ಟಗಿ ರಸ್ತೆಯಲ್ಲಿ ಯಾರೂ ಕೈ ಎತ್ತುವುದಿಲ್ಲ. ಬೀಜದ ವಿಷಯಕ್ಕೆ ಯಾರೂ ಬೈಯುವುದಿಲ್ಲ. ಮೆಕ್ಯಾನಿಕ್ ನನ್ನನ್ನೇ ಕೇಳುತ್ತಾನೆ, ನಾನು ಎಲ್ಲವನ್ನೂ ಬದಲಿಸು ಎನ್ನುತ್ತೇನೆ. ಮೊನ್ನೆ ಒಂದು ಮದುವೆಗೆ ಹೋದಾಗ ನಮ್ಮ ಕಾರನ್ನು ಅಡುಗೆಯವರ ಹಿಂದೆ ನಿಲ್ಲಿಸಲು ಹೇಳಿದರು. ಕಾರು ಪೂರ್ತಿ ನನ್ನದಾಗಿದೆ ಎಂಬುದಕ್ಕೆ ಇನ್ನೇನು ಬೇಕು?

ಹೋದ ವಾರ ತಳಕಲ್ ಕ್ರಾಸಿನಲ್ಲಿ ಅದೇ ಅಜ್ಜ ಬಿಸಿಲಲ್ಲಿ ನಿಂತಿದ್ದ. ಕಾರು ನೋಡಿಯೂ ಕೈ ಎತ್ತಲಿಲ್ಲ. ನಾನೇ ನಿಲ್ಲಿಸಿ, ಕುಕನೂರಿಗೆ ಬರುತ್ತೀರೇನು ಎಂದು ಕರೆದೆ. ಅವನು ಒಂದು ಹೆಜ್ಜೆ ಹಿಂದೆ ಸರಿದು, “ಇದು ಈಗ ಫಕೀರಪ್ಪಂದಲ್ಲಂತ. ಗುರ್ತಿಲ್ಲದವರ ಗಾಡಿ ನಾವು ಹತ್ತಂಗಿಲ್ರಿ” ಎಂದ.

“ನಾನು ಅದ ಮೊದಲಿನ ಡ್ರೈವರ್ ರೀ ಅಜ್ಜಾರ” ಎಂದೆ.

ಅಜ್ಜನ ಮುಖ ಅರಳಿತು. ಬಾಗಿಲು ತೆಗೆದು ಆರಾಮವಾಗಿ ಕಾಲು ಚಾಚಿ ಕೂತ. ಸ್ವಲ್ಪ ದೂರ ಹೋದ ಮೇಲೆ ದನಿ ತಗ್ಗಿಸಿ ಕೇಳಿದ: “ಹೊಸ ಮಾಲಕರು ಹೆಂಗ ಅದಾರ?”

“ಸುಮಾರ ಅದಾರ್ರಿ” ಎಂದೆ.