ಕೆಡದ ಮಿಷನ್ನಿಗೆ ಎಣ್ಣೆ ಬಿಡೋ ನನ್ನ ಮೈದುನ

ಅಣ್ಣತಮ್ಮ ಇಬ್ಬರೂ ಒಂದೇ ಕಸುಬು ಹಿಡಿದ ಮನೆಯಲ್ಲಿ ನಗೋ ಸಂಗತಿಗೆ ಬರ ಅಂತ ಇರೋದಿಲ್ಲ. ನಗೋರು ಮಾತ್ರ ಪಕ್ಕದ ಮನೆಯೋರು.

ಆಗ ತರೀಕೆರೆಯಲ್ಲಿ ಟೈಪು ಮಿಷನ್ನು ಕೆಟ್ಟರೆ ನಮ್ಮ ಯಜಮಾನರೇ ಗತಿ. ಕಡೂರು, ಅಜ್ಜಂಪುರದಿಂದಲೂ ಬಸ್ಸಿನಲ್ಲಿ ಮಿಷನ್ನು ಹೊತ್ಕೊಂಡು ಬರೋರು. ಆಮೇಲೆ ಮೈದುನ ಬೆಂಗಳೂರಿನಲ್ಲಿ ಎರಡು ವರ್ಷ ಇದೇ ಕೆಲಸ ಕಲಿತು ವಾಪಸ್ ಬಂದ. ನಮ್ಮ ಹಾಲಿಗೆ ಹುಳಿ ಬಿತ್ತು.

ಜ್ವರ ಇಲ್ಲದವರಿಗೆ ಸೂಜಿ

ಅವನದು ಹೊಸ ಪದ್ಧತಿ. ಮಿಷನ್ನು ಕೆಡೋವರೆಗೆ ಕಾಯೋನಲ್ಲ. ತಿಂಗಳಿಗೊಂದು ಸಲ ತಾನೇ ಹೋಗಿ, ಬ್ರಷ್ಷಿನಲ್ಲಿ ಧೂಳು ಕೊಡವಿ, ನಾಲ್ಕು ತೊಟ್ಟು ಎಣ್ಣೆ ಬಿಟ್ಟು ಬರ್ತಿದ್ದ. ನಮ್ಮ ಯಜಮಾನರು ಮೈಯೆಲ್ಲ ಮಸಿ ಮಾಡ್ಕೊಂಡು ಕೆಟ್ಟದ್ದನ್ನು ಸರಿ ಮಾಡಿದರೂ "ಇಷ್ಟು ಹೊತ್ತು ಬೇಕೇನ್ರೀ?" ಅನ್ನೋ ಜನ, ಇವನು ಹೋದರೆ ಕಾಫಿ ತರಿಸೋರು. ಇಸ್ತ್ರಿ ಹಾಕಿದ ಷರಟಿನಲ್ಲಿ ಹೋಗಿ, ಅದೇ ಇಸ್ತ್ರಿಯಲ್ಲಿ ಮನೆಗೆ ಬರೋನು. ಅದನ್ನು ನೋಡಿದರೆ ನನ್ನ ಹೊಟ್ಟೆಯಲ್ಲಿ ಒಲೆ ಹತ್ತಿದಂಗಾಗೋದು.

ಮೈದುನನ ಗಿರಾಕಿ ಆಗಿದ್ದ ಅಜ್ಜಂಪುರದ ಹತ್ತಿ ವ್ಯಾಪಾರಿಯ ಹೆಂಡತಿ ಒಂದು ಮದುವೆ ಮನೆಯಲ್ಲಿ ಸಿಕ್ಕಿದರು. ಬಿಡ್ತೀನಾ?

"ಅಲ್ಲಮ್ಮಾ, ನನ್ನ ಮೈದುನ ಮಾಡೋದು ಜ್ವರ ಇಲ್ಲದವರಿಗೆ ಸೂಜಿ ಚುಚ್ಚೋ ಕೆಲಸ ಅಲ್ವಾ?" ಅಂದೆ.

ಆಯಮ್ಮ ಎಲೆಗೆ ಸುಣ್ಣ ಹಚ್ಚುತ್ತಾ, "ಇರಬಹುದು ಕಣ್ರೀ. ಆದರೆ ನಿಮ್ಮ ಯಜಮಾನರು ಬರೋ ಹೊತ್ತಿಗೆ ನಮ್ಮ ಮಿಷನ್ನಿಗೆ ಹನ್ನೊಂದನೇ ದಿನ ಆಗಿರ್ತಿತ್ತು" ಅಂದುಬಿಟ್ಟರು.

ಆಯುಧಪೂಜೆ ಸುಗ್ಗಿ

ನಮಗೆ ಸುಗ್ಗಿ ಅಂದರೆ ಆಯುಧಪೂಜೆ ಮಾರನೇ ದಿನ. ಭಕ್ತಿ ಜಾಸ್ತಿ ಆಗಿ ಎಲ್ಲರೂ ಮಿಷನ್ನಿನ ಹೊಟ್ಟೆಗೇ ಕುಂಕುಮ, ವಿಭೂತಿ, ಹೂವಿನ ಎಸಳು ತುಂಬೋರು. ಕಡೂರಿನ ಕೊಬ್ಬರಿ ಮಂಡಿಯ ಗುಮಾಸ್ತನಂತೂ ಒಂದೊಂದು ಅಕ್ಷರಕ್ಕೂ ಒಂದೊಂದು ಗಂಧದ ಬೊಟ್ಟು ಇಟ್ಟಿದ್ದ. ಬೆಳಗಾಗೋದರಲ್ಲಿ ಗಂಧ ಒಣಗಿ ಅಕ್ಷರ ಎಲ್ಲ ಕಚ್ಚಿಕೊಂಡಿದ್ದವು. ನಮ್ಮ ಬಾಗಿಲಲ್ಲಿ ಮಿಷನ್ನುಗಳ ಸಾಲು!

ಮೈದುನ ಇದಕ್ಕೂ ಕಲ್ಲು ಹಾಕಿದ. ಹಬ್ಬದ ಹಿಂದಿನ ದಿನವೇ ಮೂರೂ ಊರು ಸುತ್ತಿ ಮಿಷನ್ನುಗಳಿಗೆಲ್ಲ ಬಟ್ಟೆ ಗವಸು ತೊಡಿಸಿ, "ಪೂಜೆ ಇದರ ಮೇಲೇ ಮಾಡಿ ಸ್ವಾಮೀ" ಅಂದು ಬಂದ. ಗವಸು ಹೊಲಿದೋಳು ಅವನ ಹೆಂಡತಿ, ನನ್ನ ವಾರಗಿತ್ತಿ. ಅಂಚಿಗೆ ಲೇಸು ಬೇರೆ. ಆ ವರ್ಷ ಹಬ್ಬದ ಮಾರನೇ ದಿನ ನಮ್ಮ ಯಜಮಾನರು ಬಾಗಿಲಲ್ಲಿ ಕೂತು ನೊಣ ಹೊಡೆದರು.

ನಾನು ಅವಳ ಅಡುಗೆಮನೆಗೇ ನುಗ್ಗಿದೆ. "ಏನೇ, ಲಕ್ಷ್ಮಿಗೆ ಮುಸುಕು ಹಾಕಿ ಪೂಜೆ ಮಾಡಿಸ್ತೀಯಲ್ಲ, ಪಾಪ ಬರಲ್ವೇನೇ?"

"ನಿಮ್ಮ ಹೊಲಿಗೆ ಮಿಷನ್ನಿಗೂ ಒಂದು ಹೊಲಿದಿಟ್ಟಿದೀನಿ ಅಕ್ಕಾ" ಅಂದಳು ಮೆಲ್ಲಗೆ. "ಹೋದ ಹಬ್ಬದಲ್ಲಿ ಅಕ್ಷತೆ ಸಿಕ್ಕಿ ನಿಂತೋಗಿತ್ತಲ್ಲ, ಭಾವನವರ ಕೈಲಾಗದೆ ಇವರು ಬಿಚ್ಚಿ ಸರಿ ಮಾಡಿದ್ರಲ್ಲ, ಅದಕ್ಕೆ."

ರಾಮನವಮಿ ಪಾನಕ

ಊರಿಗೆಲ್ಲ ದೊಡ್ಡದು ಸಾಹುಕಾರರ ಅಡಿಕೆ ಮಂಡಿ. ಅಲ್ಲಿನ ಟೈಪು ಮಿಷನ್ನು ಯಾರ ಕೈಯಲ್ಲಿರುತ್ತೋ ಅವರಿಗೇ ಊರಲ್ಲಿ ಮರ್ಯಾದೆ. ಎರಡು ವರ್ಷದಿಂದ ಅದು ಮೈದುನನ ಕೈಯಲ್ಲಿತ್ತು.

ಒಂದು ದಿನ ಸಾಹುಕಾರರು ಅವನನ್ನು ಕರೆದು, "ಅಲ್ಲಯ್ಯಾ, ಎರಡು ವರ್ಷದಲ್ಲಿ ಇದು ಒಂದು ದಿನಾನೂ ಕೆಟ್ಟಿಲ್ಲ. ಮತ್ತೆ ನೀನ್ಯಾಕೆ ಬರ್ತೀಯಾ? ಇನ್ಮೇಲೆ ಬೇಡ. ಕೆಟ್ಟರೆ ನಿಮ್ಮ ಅಣ್ಣನ್ನೇ ಕರೆಸ್ತೀವಿ" ಅಂದರಂತೆ.

ಅವತ್ತು ನಾನು ಶಾವಿಗೆ ಪಾಯಸ ಮಾಡಿದೆ.

ಆದರೆ ಆ ಹಾಳು ಮಿಷನ್ನು ಕೆಡಬೇಕಲ್ಲ! ತಿಂಗಳಾಯ್ತು, ಎರಡು ತಿಂಗಳಾಯ್ತು. ಅಡಿಕೆ ಮಂಡಿಯ ಗುಮಾಸ್ತ ನಮ್ಮ ಬೀದಿಯಲ್ಲಿ ಸಿಕ್ಕಾಗಲೆಲ್ಲ, "ಮಿಷನ್ನು ಹೆಂಗಿದೆಯಪ್ಪಾ?" ಅಂತ ಕೇಳ್ತಿದ್ದೆ. "ಗಟ್ಟಿಯಾಗಿದೆ ಕಣಮ್ಮಾ" ಅನ್ನೋನು, ಬಾಣಂತಿ ಸಮಾಚಾರ ಹೇಳೋ ಹಂಗೆ.

ರಾಮನವಮಿ ಬಂತು. ಬೆಲ್ಲ ಒಂದು ಹಿಡಿ ಜಾಸ್ತಿಯೇ ಹಾಕಿ ಪಾನಕ ಮಾಡಿ, ಚೊಂಬು ತಗೊಂಡು ಮಂಡಿಗೆ ಹೋದೆ. ಗುಮಾಸ್ತ ಲೋಟ ತರೋಕೆ ಒಳಗೆ ಹೋದ. ಮಿಷನ್ನಿನ ಮೇಲೆ ಟವಲ್ಲು ಮುಚ್ಚಿತ್ತು. ಯಾಕೆ ಅಂತ ನೋಡೋ ವ್ಯವಧಾನ ನನಗೆಲ್ಲಿ? ಅಂಚು ಎತ್ತಿದೆ, ಚೊಂಬು ಬಗ್ಗಿಸಿದೆ.

ಗುಮಾಸ್ತ ಬಂದ. "ಅಯ್ಯೋ, ಕೈ ಜಾರಿಬಿಡ್ತಪ್ಪಾ!" ಅಂತ ಬಾಯಿ ಬಡ್ಕೊಂಡೆ.

ಅವನು ತಲೆ ಮೇಲೆ ಕೈ ಹೊತ್ತು, "ಜಾರಲಿ ಬಿಡಿ ಅಮ್ಮಾ. ಅರ್ಧ ಗಂಟೆ ಮುಂಚೆ ನಿಮ್ಮ ವಾರಗಿತ್ತಿ ಕೈಯೂ ಜಾರ್ತು. ಒರೆಸಿ, ಟವಲ್ಲು ಮುಚ್ಚಿ ಈಗ ತಾನೇ ಎದ್ದೆ" ಅಂದ.

ಗಂಡ ಬರೋದು ನಿಂತ ಮೇಲೂ ಮಿಷನ್ನು ಕೆಡದೆ ಹೋದರೆ ಅವನ ಬೆಲೆ ಮಂಡಿಯೋರಿಗೆ ತಿಳಿಯೋದಿಲ್ಲ ಅಂತ ಅವಳ ಲೆಕ್ಕ. ಕೆಟ್ಟರೆ ತಾನೇ ನನ್ನ ಗಂಡನಿಗೆ ಕರೆ ಅಂತ ನನ್ನ ಲೆಕ್ಕ.

ಸಾಹುಕಾರರು ನಾಲ್ಕೂ ಜನರನ್ನು ಕರೆಸಿದರು. ಮಿಷನ್ನಿಗೆ ಆಗಲೇ ಇರುವೆ ಹತ್ತಿತ್ತು. ನಾನೂ ವಾರಗಿತ್ತಿಯೂ ಸೆರಗು ಬಾಯಿಗಿಟ್ಟು ನಿಂತೆವು.

"ಅಣ್ಣಾ, ನೀನು ಇದನ್ನ ಬಿಚ್ಚಿ ತೊಳಿ" ಅಂದರು ನಮ್ಮ ಯಜಮಾನರಿಗೆ. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಮೈದುನನ ಕಡೆ ತಿರುಗಿದರು. "ತಮ್ಮಾ, ನೀನು ಮತ್ತೆ ಬರೋಕೆ ಶುರು ಮಾಡು. ಎಣ್ಣೆ ಬೇಡ, ಬ್ರಷ್ಷು ಬೇಡ. ಹಬ್ಬಹಬ್ಬಕ್ಕೆ ಬಂದು ಬಾಗಿಲಲ್ಲಿ ನಿಂತ್ಕೊಂಡು ಈ ಇಬ್ಬರನ್ನ ಒಳಗೆ ಬಿಡಬೇಡ. ಸಾಕು, ಮಿಷನ್ನು ನೂರು ವರ್ಷ ಬಾಳುತ್ತೆ!"