ಸೂಗಪ್ಪನವರ ಕಿವಿ ಮತ್ತು ಒಂದು ಬಾವಲಿ

ಗೋಡೆ ಗಡಿಯಾರದ ಹಿಂದಿನಿಂದ ಹೆಬ್ಬೆರಳಿನಷ್ಟು ಬಾವಲಿಯೊಂದು ಇಣುಕಿದ್ದನ್ನು ಕಂಡು ಉಮಾಬಾಯಿ ಚೀರಿದ ಚೀರಾಟಕ್ಕೆ ಕುಷಾಯಿಗೂಡದ ಆ ಅಪಾರ್ಟ್‌ಮೆಂಟಿನ ಹನ್ನೆರಡು ಮನೆಗಳ ಬಾಗಿಲೂ ತೆರೆದವು. ಅಲ್ಲೇ ಪಕ್ಕದಲ್ಲಿ ಕೂತಿದ್ದ ಅವರ ಗಂಡ ಸೂಗಪ್ಪನವರು ಮಾತ್ರ ಪೇಪರಿನ ಪುಟ ತಿರುಗಿಸಿದರು. ಅವರ ಜೀವವೂ ಬಾಯಿಗೆ ಬಂದಿತ್ತು. ಆದರೇನು ಮಾಡುವುದು, ಅವರು ಕಿವುಡರಲ್ಲವೇ?

ನಿಜ ಹೇಳಬೇಕೆಂದರೆ ಅವರ ಕಿವಿ ಚೆನ್ನಾಗಿಯೇ ಇತ್ತು. ಮೂರು ವರ್ಷದ ಹಿಂದೆ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ರಿಟೈರಾದ ಮರುದಿನದಿಂದಲೇ, ‘ಹೆಂಗೂ ಖಾಲಿ ಅದೀರಲ್ಲ’ ಎಂದು ಒಬ್ಬೊಬ್ಬರು ಒಂದೊಂದು ಕೆಲಸ ಹಚ್ಚತೊಡಗಿದರು. ಎಲ್ಲಕ್ಕಿಂತ ಭಯಂಕರವಾದದ್ದು ಅಸೋಸಿಯೇಷನ್ನಿನ ಸೆಕ್ರೆಟರಿಗಿರಿ. ಬಾರದ ನೀರಿನ ಟ್ಯಾಂಕರು, ಕೆಟ್ಟ ಲಿಫ್ಟು, ಪಾರ್ಕಿಂಗ್ ಜಗಳ ಎಲ್ಲವೂ ಸೆಕ್ರೆಟರಿಯ ತಲೆಗೇ. ಒಬ್ಬ ಪುಣ್ಯಾತ್ಮ ಅದರ ಕಾಟಕ್ಕೆ ಫ್ಲ್ಯಾಟು ಮಾರಿ ಊರಿನ ಇನ್ನೊಂದು ತುದಿಯ ಕೂಕಟ್‌ಪಲ್ಲಿಗೆ ಹೋಗಿಬಿಟ್ಟಿದ್ದ. ಆಗಲೇ ಸೂಗಪ್ಪನವರ ಎರಡೂ ಕಿವಿ ಮಂದವಾದದ್ದು. ಹೆಂಡತಿಗೂ ಅವರು ಗುಟ್ಟು ಬಿಟ್ಟುಕೊಟ್ಟಿರಲಿಲ್ಲ.

ಇವತ್ತು ಸಂಜೆ ಅವರ ಹಾಲ್‌ನಲ್ಲೇ ಸಭೆ, ಹೊಸ ಸೆಕ್ರೆಟರಿಯ ಆಯ್ಕೆ. ಇದೊಂದು ದಿನ ಏನೂ ಕೇಳಿಸದಿದ್ದರೆ ಮುಂದೆ ಎರಡು ವರ್ಷ ನಿಶ್ಚಿಂತೆ.

ಮೊದಲು ಓಡಿಬಂದವರು ಕೆಳಗಿನ ಮನೆಯ ಸಾವಿತ್ರಿಬಾಯಿ. “ಬಾವಲಿ ಹೊಕ್ಕ ಮನಿಗೆ ಮೂರು ತಿಂಗಳು ಕೀಲಿ ಹಾಕಬೇಕ್ರಿ ಉಮಾಬಾಯಿ! ಶಾಂತಿ ಮಾಡಿಸ್ದೇ ಒಳಗ ಕಾಲಿಡಂಗಿಲ್ಲ!”

ಹಿಂದೆಯೇ ಮೇಲಿನ ಮನೆಯ ಶಾಂತಕುಮಾರರು ಉದ್ದನೆಯ ಪೊರಕೆ ಹಿಡಿದು ಬಂದರು. ಅವರೇ ಅಸೋಸಿಯೇಷನ್ನಿನ ಅಧ್ಯಕ್ಷರು. ಬಾವಲಿ ಹಾರಿ ಸೂಗಪ್ಪನವರ ತಲೆಯ ಮೇಲಿನ ಪರದೆಗೆ ಜೋತುಬಿತ್ತು. “ಸೂಗಪ್ಪನವರ, ಬಗ್ಗ್ರೀ!” ಎಂದು ಕೂಗಿ ಪೊರಕೆ ಬೀಸಿದರು. ಸೂಗಪ್ಪನವರಿಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ಕಿವುಡ ಬಗ್ಗುವುದು ಹೇಗೆ? ಪೊರಕೆ ಬೋಳುತಲೆಗೆ ಫಟ್ಟೆಂದು ಬಿತ್ತು.

“ಅಯ್ಯೋ, ಹೊಡೀಬೇಡಿ ಅಂಕಲ್!” ಎನ್ನುತ್ತ ಅಪೂರ್ವ ಒಳಗೆ ಬಂದಳು. ಮೈಸೂರಿನ ಹುಡುಗಿ, ಗಚ್ಚಿಬೌಲಿಯ ಯೂನಿವರ್ಸಿಟಿಯಲ್ಲಿ ಬಾವಲಿಗಳ ಮೇಲೇ ಪಿಎಚ್‌ಡಿ ಮಾಡುತ್ತಿದ್ದಳು. ಅವಳ ಅಣ್ಣನ ಮನೆ ಇದೇ ಅಪಾರ್ಟ್‌ಮೆಂಟಿನಲ್ಲಿತ್ತು. “ಯಾರೂ ಮುಟ್ಟಬೇಡಿ. ಕತ್ತಲಾದ್ಮೇಲೆ ಅದೇ ಹೊರಟುಹೋಗುತ್ತೆ. ಹೋಗೋ ಮುಂಚೆ ಒಂದು ಚಮತ್ಕಾರ ತೋರಿಸ್ತೀನಿ.”

ಸಂಜೆ ಸಭೆ ಸೇರುವ ಹೊತ್ತಿಗೆ ಬಾವಲಿ ಮೈಮುರಿಯಿತು. ಅಪೂರ್ವ ಕಿಟಕಿ ತೆರೆಸಿ, ಫ್ಯಾನು, ದೀಪ ಆರಿಸಿದಳು. ಅವಳ ಕೈಯಲ್ಲಿ ಮೊಬೈಲಿನಷ್ಟು ದೊಡ್ಡ ಯಂತ್ರವೊಂದಿತ್ತು.

“ಇದು ಈಗ ಜೋರಾಗಿ ಕೂಗ್ತಾ ಇದೆ. ನಮ್ಮ ಕಿವಿಗೆ ನಿಲುಕಲ್ಲ ಅಷ್ಟೆ. ಕೂಗು ಗೋಡೆಗೋ ಸೊಳ್ಳೆಗೋ ಬಡಿದು ವಾಪಸ್ ಬರೋದನ್ನ ಕೇಳಿ ದಾರಿ ಕಂಡ್ಕೊಳ್ಳುತ್ತೆ. ಈ ಯಂತ್ರ ಅದನ್ನ ನಮಗೆ ಕೇಳೋ ಹಾಗೆ ಮಾಡುತ್ತೆ. ತನ್ನ ಕೂಗಿಗೆ ತಾನೇ ಕಿವುಡಾಗಬಾರದು ಅಂತ, ಕೂಗೋ ಕ್ಷಣ ಕಿವಿಯೊಳಗಿನ ಸ್ನಾಯು ಬಿಗಿ ಮಾಡ್ಕೊಂಡು, ತಕ್ಷಣ ಬಿಟ್ಕೊಳ್ಳುತ್ತೆ.”

ಸಾವಿತ್ರಿಬಾಯಿ ಅದನ್ನು ಪಕ್ಕದ ತೆಲುಗಿನವರಿಗೆ ದಾಟಿಸಿದರು. ಬೇಕಾದಾಗ ಕಿವಿ ಮುಚ್ಚಿಕೊಳ್ಳುವ ಪ್ರಾಣಿಯ ಮೇಲೆ ಸೂಗಪ್ಪನವರಿಗೆ ಒಮ್ಮೆಲೇ ಗೌರವ ಹುಟ್ಟಿತು.

ಟಕ್... ಟಕ್... ಟಕ್. ಸದ್ದು ಎಷ್ಟು ಸಣ್ಣದೆಂದರೆ ಮುಂದಿದ್ದವರೇ ಕತ್ತು ಚಾಚಿದರು. ಟಕ್ ಟಕ್ ಟಕ್ ಎಂದು ಓಡತೊಡಗಿದ್ದು ಒಂದಕ್ಕೊಂದು ಅಂಟಿಕೊಂಡು ಡ್ರ್ರ್ರ್ ಎಂದಿತು. ಮರುಕ್ಷಣ ಮೌನ.

“ಸೊಳ್ಳೆ ಹಿಡೀತು,” ಎಂದಳು ಅಪೂರ್ವ. “ಹತ್ತಿರ ಹೋದ ಹಾಗೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಕೂಗುತ್ತೆ.”

ಕಗ್ಗತ್ತಲಲ್ಲಿ ಇಪ್ಪತ್ತು ತಲೆಗಳ ನಡುವೆ, ಒಬ್ಬರ ಕೂದಲಿಗೂ ತಾಗದೆ, ಅದು ಸುತ್ತು ಹೊಡೆಯುತ್ತಿತ್ತು. ಅಲೆ ಕಳಿಸಿ, ಮರಳಿ ಬಂದದ್ದನ್ನು ಹಿಡಿಯುವ ಯಂತ್ರಗಳನ್ನು ಸೂಗಪ್ಪನವರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪರೀಕ್ಷೆ ಮಾಡಿದವರು. ಒಂದೊಂದೂ ಬೀರುವಿನಷ್ಟು ದೊಡ್ಡದು. ಇಲ್ಲಿ ನಾಲ್ಕೈದು ಹುಣಸೆಬೀಜದ ತೂಕದ ಜೀವವೊಂದು ಅದೆಲ್ಲವನ್ನೂ ತಲೆಯೊಳಗೇ ಇಟ್ಟುಕೊಂಡು ಹಾರುತ್ತಿತ್ತು! ಅವರ ಮೈ ಜುಮ್ಮೆಂದಿತು, ಕಣ್ಣು ಒದ್ದೆಯಾಯಿತು. ಸೆಕ್ರೆಟರಿಗಿರಿ, ಶಾಂತಕುಮಾರರು, ತಮ್ಮ ಕಿವುಡು ಎಲ್ಲವೂ ಮರೆತೇಹೋದವು.

“ಬಂತು... ಹತ್ರ ಬಂತು... ಹಿಡೀತು!” ಎಂದು ಸೂಗಪ್ಪನವರು ಹಿಂದಿನ ಮೂಲೆಯಿಂದ ಕೂಗಿದರು. “ಮತ್ತೊಂದ... ಇದೂ ಹಿಡೀತು! ಅಬ್ಬಬ್ಬಾ, ಏನ್ ಕಿವಿರೀ ಅದರದು!”

ಬಾವಲಿ ಕಿಟಕಿಯಿಂದ ಹೊರಗೆ ಹೋಯಿತು. ದೀಪ ಹತ್ತಿತು. ಎಲ್ಲರ ಕಣ್ಣೂ ಸೂಗಪ್ಪನವರ ಮೇಲಿದ್ದವು.

“ಕತ್ತಲ್ಯಾಗ ನಿಮಗ ಹೆಂಗ ಗೊತ್ತಾತ್ರಿ?” ಶಾಂತಕುಮಾರರ ಮುಖ ಸೆಕ್ರೆಟರಿ ಸಿಕ್ಕಂತೆ ಅರಳುತ್ತಿತ್ತು.

ಆಗ ಪಕ್ಕದಲ್ಲಿದ್ದ ಉಮಾಬಾಯಿ ಬಾಯಿ ಹಾಕಿದರು. “ಅವರಿಗೆಲ್ಲಿ ಕೇಳಸ್ತೈತ್ರಿ! ಸಪ್ಪಳ ಬಂದಂಗ ನಾನೇ ತೋಳು ಚಿವುಟಿ ತಿಳಸಾಕತ್ತಿದ್ದೆ. ಪಾಪ, ಅವರೂ ಖುಷಿಪಡಲಿ ಅಂತ.”

ಶಾಂತಕುಮಾರರ ಮುಖ ಬಾಡಿತು. ಸೆಕ್ರೆಟರಿಗಿರಿ ಕೊನೆಗೆ ಸಾವಿತ್ರಿಬಾಯಿಯ ಮಗ, ಸಭೆಗೇ ಬಾರದಿದ್ದ ನಿಶಾಂತನ ಕೊರಳಿಗೆ ಬಿತ್ತು.

ಎಲ್ಲರೂ ಹೋಗಿ ಬಾಗಿಲು ಹಾಕಿದ ಮೇಲೆ ಸೂಗಪ್ಪನವರು ಪಿಸುಗುಟ್ಟಿದರು. “ನೀ ಚಿವುಟಲೇ ಇಲ್ಲಲ್ಲ! ನಿನಗ ಗೊತ್ತಿತ್ತೇನು?”

“ಮೂರು ವರ್ಷದಿಂದ. ಅಡಿಗಿಮನ್ಯಾಗ ನಿಂತು ಮೆಲ್ಲಕ ‘ಹೋಳಿಗಿ ಮಾಡ್ಲೇನು’ ಅಂತಿದ್ದೆ, ನಿಮ್ಮ ಕುರ್ಚಿ ಕಿರ್ರ್ ಅಂತಿತ್ತು. ‘ಹಾಗಲಕಾಯಿ’ ಅಂದ್ರ ಸಪ್ಪಳಿಲ್ಲ. ಆ ಬಾವಲಿ ಮಾಡೂದೂ ಅದನ್ನ ಅಲ್ಲೇನ್ರಿ?”

ಸೂಗಪ್ಪನವರು ಬೆರಗಾಗಿ ನಿಂತರು. “ಮತ್ತ ಯಾಕ ಹೇಳಲಿಲ್ಲ?”

“ಯಾಕ ಹೇಳ್ಲಿ? ಮೂವತ್ತೈದು ವರ್ಷ ನಾ ಒಂದ ಅಂದ್ರ ನೀವು ಹತ್ತು ಅಂತಿದ್ರಿ. ಈ ಮೂರು ವರ್ಷ ಮನಸಿಗೆ ಬಂದದ್ದೆಲ್ಲಾ ಆಡೀನಿ. ತಿರುಗಿ ಒಂದು ಮಾತಿಲ್ಲ. ಭಾಳ ಹಗುರಾಗೀನಿ. ಇನ್ನ ಮ್ಯಾಲೂ ನಿಮಗ ಕೇಳಸಬಾರದು. ಎದುರು ಮಾತಾಡಿದ್ರ ಶಾಂತಕುಮಾರರನ್ನ ಕರೀತೀನಿ, ನೋಡ್ರಿ ಮತ್ತ.”

ಉಮಾಬಾಯಿ ಆರಾಮಾಗಿ ಕಾಲು ಚಾಚಿ ಕೂತರು. “ಹಾಂ, ನಿಮ್ಮ ತಂಗಿ ನಮ್ಮ ಮದುವ್ಯಾಗ ಮಾಡಿದ ರಂಪ ಪೂರಾ ಹೇಳಿಲ್ಲ ನಾ. ಆಕಿ ಏನ್ ಮಾಡಿದ್ಲಂದ್ರ...”

ಅದಕ್ಕೆ ಸೂಗಪ್ಪನವರಲ್ಲಿ ಬಲವಾದ ಉತ್ತರವಿತ್ತು. ಬಾಯಿ ತೆರೆದರು. ಮೇಲಿನ ಮನೆಯಲ್ಲಿ ಶಾಂತಕುಮಾರರು ಚಪ್ಪಲಿ ಎಳೆದುಕೊಂಡು ಓಡಾಡುತ್ತಿದ್ದದ್ದು ಬಹಳ ಸ್ಪಷ್ಟವಾಗಿ ಕೇಳಿಸಿತು. ಬಾಯಿ ಮುಚ್ಚಿಕೊಂಡರು.